ಹಿಮಪಾತವೂ ಜನರ ಸಿದ್ಧತೆಯೂ

ಹಿಮಮಾರುತದ ತೀವ್ರತೆಯನ್ನು ಬಿದ್ದ ಹಿಮದ ಆಳದಿಂದ ಅಳೆಯುವುದು ವಾಡಿಕೆ. ಆದರೆ ಅದರಿಂದಾಗುವ ಹಾನಿಯನ್ನು ತಿಳಿಯಲು ಈ ಅಳತೆಯೊಂದೇ ಸಾಲದು. ಆಯಾ ಪ್ರದೇಶದ ಜನ ಎಷ್ಟು ಹಿಮಕ್ಕೆ ಹೊಂದಿಕೊಂಡಿರುವರು, ಆ ಹೊಂದಿಕೆಯ ಎಲ್ಲೆ ಯಾವುದು ಎಂಬುದನ್ನೂ ವಿಚಾರಿಸಬೇಕು. ಇದಕ್ಕೆ ಮೂರು ನಿದರ್ಶನಗಳನ್ನು ಪರಿಶೀಲಿಸಬಹುದು.

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿರುವ ಅಟ್ಲಾಂಟ ನಗರಕ್ಕೆ ಹಿಮ ಅಪರೂಪದ ಅತಿಥಿ. 2014ರ ಜನವರಿ 28ರಂದು ಅಲ್ಲಿ ಬಿದ್ದುದು ಸುಮಾರು ಎರಡೂವರೆ ಅಂಗುಲ ಮಾತ್ರ. ಆದರೆ ಹಿಮ ಬೀಳತೊಡಗಿದ ಮೇಲೆ ಶಾಲೆ ಕಚೇರಿಗಳನ್ನು ಬಹುಮಟ್ಟಿಗೆ ಒಂದೇ ವೇಳೆಗೆ ಬಿಟ್ಟುದರಿಂದ ವಾಹನಗಳೆಲ್ಲವೂ ಒಟ್ಟಿಗೆ ರಸ್ತೆಗಿಳಿದವು. ಚಕ್ರಗಳಡಿಯಲ್ಲಿ ಹಿಮವು ಗಟ್ಟಿಯಾದ ಮಂಜುಗಡ್ಡೆಯಾಯಿತು. ಅದನ್ನು ತೆಗೆಯಬೇಕಾದ ಯಂತ್ರಗಳಿಗೂ ದಾರಿಯಿಲ್ಲವಾಯಿತು. ಸಾವಿರಾರು ಮಕ್ಕಳು ಶಾಲೆಗಳಲ್ಲಿಯೇ ರಾತ್ರಿಯನ್ನು ಕಳೆದರು. ಎರಡು ವಾರಗಳ ತರುವಾಯ ಮತ್ತೊಂದು ಮಾರುತ ಬಂದಾಗ ಜನ ಮನೆಗಳಲ್ಲಿಯೇ ಉಳಿದರು, ರಸ್ತೆಗಳು ಬರಿದಾಗಿದ್ದವು. ಹಿಮ ವಿರಳವಾದ ನಾಡಿನಲ್ಲಿ ಸಕಾಲದ ನಿರ್ಧಾರವೇ ಮೊದಲ ಸಿದ್ಧತೆ.

ಜಪಾನಿನ ಪಶ್ಚಿಮ ಕರಾವಳಿಯ ಸ್ಥಿತಿ ಇದಕ್ಕೆ ತೀರ ಭಿನ್ನವಾದುದು. ಸೈಬೀರಿಯದ ಶೀತಲವಾದ ಒಣಗಾಳಿ, ಬೆಚ್ಚಗಿನ ಜಪಾನ್ ಸಮುದ್ರವನ್ನು ದಾಟುವಾಗ ತೇವವನ್ನು ಹೀರಿ, ಪರ್ವತಗಳಿಗೆ ತಾಗಿ, ಪ್ರತಿ ಚಳಿಗಾಲವೂ ಅಪಾರ ಹಿಮವನ್ನು ಸುರಿಸುತ್ತದೆ. ಆದಕಾರಣ ಅಲ್ಲಿ ಸಿದ್ಧತೆಯು ಊರಿನ ರಚನೆಯಲ್ಲಿಯೇ ಸೇರಿಹೋಗಿದೆ. ತಕಾದ ಪಟ್ಟಣದಲ್ಲಿ ಮನೆಯವರು ತಂತಮ್ಮ ಸೂರನ್ನು ಬೀದಿಯತ್ತ ಚಾಚಿ ಕಟ್ಟಿದ ಸಾಲು ಜಗಲಿಗಳು ಇಂದಿಗೂ ನಡೆಯುವವರಿಗೆ ಮರೆಯಾಗಿವೆ. ನಾಗಓಕ ನಗರದಲ್ಲಿ 1960ರ ದಶಕದ ಆದಿಯಿಂದ ಅಂತರ್ಜಲವನ್ನು ಕೊಳವೆಗಳ ಮೂಲಕ ರಸ್ತೆಗೆ ಚಿಮುಕಿಸಿ ಹಿಮವನ್ನು ಕರಗಿಸುತ್ತಾರೆ. ಆದರೆ ಇಂತಹ ನೀರನ್ನು ಮಿತಿಮೀರಿ ಸೆಳೆದ ಕಡೆಗಳಲ್ಲಿ ನೆಲ ಕುಸಿದುದೂ ಉಂಟು. ಅಲ್ಲದೆ ಮಾಡಿನ ಹಿಮವನ್ನು ಕೆಡಹಲು ತೋಳ್ಬಲ ಬೇಕು. ಯುವಕರು ಪಟ್ಟಣ ಸೇರಿದ ಹಳ್ಳಿಗಳಲ್ಲಿ ವೃದ್ಧರೇ ಮಾಡಿಗೆ ಹತ್ತಬೇಕಾಗಿದೆ. ಬಿದ್ದು ಸಾಯುವವರಲ್ಲಿ ಅವರೇ ಹೆಚ್ಚು.

ಈರಿ ಸರೋವರದ ಪೂರ್ವದ ಅಂಚಿನಲ್ಲಿರುವ ಅಮೆರಿಕದ ಬಫಲೋ ನಗರದಲ್ಲಿಯೂ ಜಲರಾಶಿಯನ್ನು ದಾಟಿ ಬಂದ ಗಾಳಿಯೇ ಹಿಮಕ್ಕೆ ಕಾರಣ. ವರ್ಷಕ್ಕೆ ಸರಾಸರಿ 90 ಅಂಗುಲಕ್ಕೂ ಮಿಕ್ಕಿ ಹಿಮ ಬೀಳುವ ಆ ನಗರ ಇದಕ್ಕೆ ಚೆನ್ನಾಗಿ ಪಳಗಿದೆ. ಹಾಗಿದ್ದರೂ 2022ರ ಡಿಸೆಂಬರ್ 23ರಂದು ಆರಂಭವಾದ ಮಾರುತದಲ್ಲಿ ನಗರವಿರುವ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಮಡಿದರು. ಬಿರುಗಾಳಿಯಿಂದ ಕಣ್ಣು ಕಾಣದಂತಾಗಿ, ರಕ್ಷಣೆಗೆ ಹೋದ ವಾಹನಗಳೇ ಹೂತುಹೋದವು. ವಾಹನಸಂಚಾರದ ನಿಷೇಧವು ಹೊರಬಿದ್ದುದು ಹಲವರು ಕೆಲಸಕ್ಕೆ ಹೊರಟ ಬಳಿಕ.

ಇವುಗಳಿಂದ ತಿಳಿದುಬರುವುದೇನೆಂದರೆ, ಅಭ್ಯಾಸವು ಹಿಮದಿಂದ ಕಾಪಾಡುತ್ತದೆ, ಆದರೆ ಅಭ್ಯಾಸವಾದಷ್ಟರ ಮಟ್ಟಿಗೆ ಮಾತ್ರ. ಹಿಮಪಾತದ ನಕ್ಷೆಯೊಡನೆ ಜನರ ವಯೋಮಾನ, ದುಡಿಮೆಯ ವೇಳೆ, ಆಡಳಿತದ ಎಚ್ಚರ ಇವುಗಳನ್ನೂ ಇರಿಸಿ ನೋಡಿದಾಗಲೇ ಅಪಾಯದ ನಿಜವಾದ ಚಿತ್ರ ದೊರೆಯುತ್ತದೆ.