ಸಂಘದ ಪಟ್ಟಿ, ಸರ್ಕಾರದ ಲೆಕ್ಕ

ಶಿಕ್ಷಕರ ಸಂಘದ ಮನವಿಪತ್ರವೆಂದರೆ ವರ್ಗಾವಣೆಯ ಅಹವಾಲು ಎಂದೇ ಸೇವೆಯಲ್ಲಿದ್ದಷ್ಟು ಕಾಲವೂ ಭಾವಿಸಿದ್ದವನು ನಾನು. ಆ ಭಾವನೆ ಅಲುಗಾಡಿದ್ದು ಕೋವಿಡ್ ಕಾಲದಲ್ಲಿ.

ಶಾಲೆಗಳು ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ‘ವಿದ್ಯಾಗಮ’ ಆರಂಭಿಸಿತು. ನಮ್ಮ ಹೂವಿನಹಡಗಲಿಯಂಥ ತಾಲ್ಲೂಕುಗಳಲ್ಲಿ ಮೊಬೈಲ್ ಇಲ್ಲದ ಮಕ್ಕಳ ಬಳಿಗೆ, ಗುಡಿಯ ಕಟ್ಟೆಗೋ ಮರದ ನೆರಳಿಗೋ, ಮೇಷ್ಟ್ರೇ ಬಂದು ಪಾಠ ಹೇಳುವ ವ್ಯವಸ್ಥೆ. ಉದ್ದೇಶ ಒಳ್ಳೆಯದೇ. ಆದರೆ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿಗಳು ಬರತೊಡಗಿ, ಅಕ್ಟೋಬರ್‌ನಲ್ಲಿ ಅದು ನಿಂತಿತು.

ಕರ್ತವ್ಯದಲ್ಲಿ ತಗುಲಿದ ಸೋಂಕಿನ ಲೆಕ್ಕ ಇಡುವವರು ಯಾರು? ಉತ್ತರ ಪ್ರದೇಶದಲ್ಲಿ ಆ ಕೆಲಸ ಮಾಡಿದ್ದು ಸಂಘ. ಅಲ್ಲಿ 2021ರ ಏಪ್ರಿಲ್‌ನ ಪಂಚಾಯಿತಿ ಚುನಾವಣೆ ಕರ್ತವ್ಯದಲ್ಲಿ ಮೃತರಾದ ಶಿಕ್ಷಕರು, ಇಲಾಖೆಯ ಪ್ರಕಾರ, ಮೂವರು! ಪ್ರಾಥಮಿಕ ಶಿಕ್ಷಕರ ಸಂಘ ಮುಖ್ಯಮಂತ್ರಿಗೆ ಕಳುಹಿಸಿದ ಪಟ್ಟಿಯಲ್ಲಿ ಶಿಕ್ಷಕರು, ಸಿಬ್ಬಂದಿ ಸೇರಿ 1,621 ಹೆಸರುಗಳಿದ್ದವು. ಈ ಅಂತರಕ್ಕೆ ಕಾರಣ ನಿಯಮ: ಕರ್ತವ್ಯಕ್ಕೆ ಹೊರಟು ಮನೆಗೆ ಮರಳುವಷ್ಟರಲ್ಲಿ ಸತ್ತರೆ ಮಾತ್ರ ಪರಿಹಾರ. ಕೊರೊನಾ ಅಷ್ಟು ಅವಸರದಲ್ಲಿ ಕೊಲ್ಲುವುದಿಲ್ಲ. ಕೊನೆಗೆ ನಿಯಮ ಬದಲಾಯಿತು. 30 ದಿನಗಳೊಳಗಿನ ಸಾವಿಗೂ 30 ಲಕ್ಷ ರೂಪಾಯಿ ಪರಿಹಾರ ದೊರೆಯಿತು.

ಚುನಾವಣಾ ಕರ್ತವ್ಯದ ಆದೇಶಗಳಿಗೆ ನಾನೂ ನೂರಾರು ಸಹಿ ಹಾಕಿದ್ದೇನೆ. ವಿನಾಯಿತಿ ಕೋರಿದ ಅರ್ಜಿಗಳನ್ನು ಪೂರ್ತಿ ಓದಿದ ನೆನಪಿಲ್ಲ.