ತಲೆನೋವಿಗೂ ಒಂದು ಕಿರ್ದಿ ಇಡಿ

ಭಾದ್ರಪದ ಶುದ್ಧ ಪಂಚಮಿಗೆ ದಶಲಕ್ಷಣ ಪರ್ವ ಆರಂಭವಾಗುತ್ತದೆ. ಮೊದಲನೆಯ ಉಪವಾಸದ ಮಧ್ಯಾಹ್ನ ನಮ್ಮ ಮನೆಗಳಲ್ಲಿ ಒಬ್ಬರಾದರೂ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿರುತ್ತಾರೆ. ಹಸಿವಿಗೆ ತಲೆ ಸಿಡಿಯುತ್ತಿದೆ ಎನ್ನುತ್ತೇವೆ. ಹಸಿವಿನಿಂದ ತಲೆನೋವು ಬರುವುದು ನಿಜವೇ. ಆದರೆ ಅನೇಕರಿಗೆ ಅದು ಅನ್ನ ಬಿಟ್ಟದ್ದರ ನೋವಲ್ಲ, ಚಹಾ ಬಿಟ್ಟದ್ದರ ನೋವು.

ಅಕ್ಕಲಕೋಟ, ಜತ್ತ ಕಡೆಯ ಪೇಟೆಗಳಲ್ಲಿ ಗಾದಿಯ ಮೇಲೆ ಕೂತ ನಮಗೆ ಚಹಾ ಲೆಕ್ಕಕ್ಕೇ ಸಿಗುವುದಿಲ್ಲ. ಮನೆಯಲ್ಲಿ ಎರಡು, ಹಳೆಯ ಗಿರಾಕಿ ಬಂದರೆ ಒಂದು, ಅಡತಿಯವರು ಬಂದರೆ ಮತ್ತೊಂದು, ಬೇಸರಕ್ಕೆ ಒಂದು. ಚಹಾದಲ್ಲಿ ಕೆಫೀನ್ ಎಂಬ ವಸ್ತುವಿದೆ. ಅದು ದಿನವೂ ಹೊಟ್ಟೆಗೆ ಹೋಗುತ್ತಿದ್ದು ಒಮ್ಮೆಲೇ ನಿಂತರೆ 12ರಿಂದ 24 ತಾಸಿನೊಳಗೆ ತಲೆನೋವು ಹತ್ತುತ್ತದೆ. ಒಂದೆರಡು ದಿನ ಜೋರಾಗಿದ್ದು, ಸಾಮಾನ್ಯವಾಗಿ ವಾರದೊಳಗೆ ತಾನಾಗಿ ಇಳಿಯುತ್ತದೆ. ಆದ್ದರಿಂದ ಪರ್ವಕ್ಕೆ 15 ದಿನ ಮೊದಲೇ, ಎರಡು ಮೂರು ದಿನಕ್ಕೆ ಒಂದು ಕಪ್ಪಿನಂತೆ ಕಡಿಮೆ ಮಾಡುತ್ತ ಬನ್ನಿ. ಇಲ್ಲದಿದ್ದರೆ ಕಣ್ಣು ಗ್ರಂಥದಲ್ಲಿ, ಮನಸ್ಸು ಚಹಾದ ಕೆಟಲಿಯಲ್ಲಿ! ಉಪವಾಸದ ಹಿಂದಿನ ದಿನ ಸೂರ್ಯಾಸ್ತದೊಳಗೆ ಸಾಕಷ್ಟು ನೀರನ್ನೂ ಕುಡಿದಿರಬೇಕು. ಅರೆತಲೆನೋವು ಇರುವವರು, ಬಿ.ಪಿ., ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲು ಡಾಕ್ಟರರನ್ನು ಕೇಳಲೇಬೇಕು.

ಪರ್ವದ ಮಾತು ಬಿಟ್ಟರೂ ಕಾರಣಗಳು ಬೇಕಾದಷ್ಟಿವೆ. ಗಿರಾಕಿ ಬಿಡಲಿಲ್ಲವೆಂದು ಮಧ್ಯಾಹ್ನದ ಊಟ ಮೂರಕ್ಕೆ ಹೋಗುವುದು. ವಾರದ ರಜೆಯ ದಿನ ಎರಡು ತಾಸು ಹೆಚ್ಚು ಮಲಗಿ, ಚಹಾವೂ ತಡವಾಗುವುದು. ಬೇಸಿಗೆಯ ಬಿಸಿಲು, ಮುಚ್ಚಿದ ಅಂಗಡಿಯಲ್ಲಿ ಊದುಬತ್ತಿಯ ಹೊಗೆ, ಅತ್ತರಿನ ವಾಸನೆ. ಅರೆತಲೆನೋವು ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಅದಕ್ಕೆ ದೇಹಧರ್ಮದ ಕಾರಣವೂ ಇದೆ. ಆದರೆ ಎಲ್ಲರಿಗೂ ಬಡಿಸಿ ಕೊನೆಗೆ ತಾನು ಉಣ್ಣುವ ಸೊಸೆಗೆ ಊಟದ ಹೊತ್ತು ತಪ್ಪಿದ್ದೂ ಕಾರಣವಾಗಬಹುದಲ್ಲವೇ? ಅವಳನ್ನು ಮೊದಲ ಪಂಕ್ತಿಗೆ ಕೂಡಿಸಿದರೆ ಮನೆತನದ ಮರ್ಯಾದೆಯೇನೂ ಹೋಗುವುದಿಲ್ಲ.

ಯಾರಿಗೆ ಯಾವುದು ಕಾರಣವೆಂಬುದು ಬಾಯಿಲೆಕ್ಕದಲ್ಲಿ ತಿಳಿಯದು. ರೋಕಡದಂತೆ ಬರೆದಿಡಬೇಕು. ನೋವು ಹತ್ತಿದ ತಾರೀಖು, ತಾಸು, ಹಿಂದಿನ ದಿನದ ನಿದ್ದೆ, ಊಟದ ಹೊತ್ತು, ನೀರು, ಚಹಾ ಎಷ್ಟು, ಹೆಂಗಸರಾದರೆ ತಿಂಗಳ ದಿನ. ಎರಡು ತಿಂಗಳು ಬರೆದರೆ ಸಾಕು. ಆದರೆ ಒಮ್ಮೆ ಆದದ್ದನ್ನು ಕಂಡು ಯಾರ ಖಾತೆಗೂ ಖರ್ಚು ಹಾಕಬೇಡಿ. ಅರೆತಲೆನೋವು ಬರುವ ಮುಂಚಿನ ದಿನವೇ ಕೆಲವರಿಗೆ ಆಕಳಿಕೆ, ಕತ್ತು ಬಿಗಿತ, ಸಿಹಿ ತಿನ್ನುವ ಆಸೆ ಹುಟ್ಟುತ್ತವೆ. ನೋವು ಒಳಗೆ ಆಗಲೇ ಶುರುವಾಗಿರುತ್ತದೆ, ಅಪವಾದ ಮಾತ್ರ ಜಿಲೇಬಿಗೆ.

ಇನ್ನು ಗಲ್ಲಾದ ಪಕ್ಕದಲ್ಲಿಟ್ಟ ಗುಳಿಗೆ. ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗಿಂತ ಮೇಲೆ ನುಂಗಿದರೆ ಆ ಗುಳಿಗೆಯೇ ತಲೆನೋವು ತರುತ್ತದೆ. ಎರಡು ಮೂರು ಔಷಧ ಬೆರೆಸಿದ ಗುಳಿಗೆಗೆ 10 ದಿನವೇ ಸಾಕು. ಕಿರ್ದಿಯಲ್ಲಿ ಗುಳಿಗೆಯನ್ನೂ ಬರೆಯಿರಿ, ಡಾಕ್ಟರರಿಗೆ ಅದನ್ನೇ ತೋರಿಸಿರಿ.

ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದೊಡನೆ ಕತ್ತು ಬಿಗಿತ, ಮಾತು ತೊದಲುವುದು, ಕೈಕಾಲು ಸೋಲುವುದು, ಇವು ಕಂಡರೆ ಬರೆಯುತ್ತ ಕೂಡದೆ ಆಗಲೇ ಆಸ್ಪತ್ರೆಗೆ ಹೊರಡಬೇಕು. 50 ದಾಟಿದವರಿಗೆ ಹೊಸದಾಗಿ ತಲೆನೋವು ಹತ್ತಿದರೂ ಡಾಕ್ಟರರಿಗೆ ತೋರಿಸುವುದನ್ನು ಮುಂದಕ್ಕೆ ಹಾಕಬಾರದು.