ಕಾಗದಪತ್ರ ಕಳೆದ ಹಳೆಯ ಟ್ರ್ಯಾಕ್ಟರು, ಟ್ರೇಲರು: ಹೆಸರಿಗೆ ಮಾಡಿಸಿಕೊಳ್ಳುವ ಬಗೆ

ನಮ್ಮ ರೈತ ಬಾಂಧವರು ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನೊಗಕ್ಕೆ ಕಟ್ಟಿ ನಡೆಸಿಯೂ ನೋಡುತ್ತಾರೆ. ಹಳೆಯ ಟ್ರ್ಯಾಕ್ಟರು ಕೊಳ್ಳುವಾಗಲೂ ಎಂಜಿನ್ನಿನ ಸದ್ದು ಕೇಳುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ, ಟೈರು ಎಷ್ಟು ಸವೆದಿದೆಯೆಂದು ಬೆರಳಿಟ್ಟು ಅಳೆಯುತ್ತಾರೆ. ಕಾಗದದ ವಿಷಯ ಬಂದಾಗ ಮಾತ್ರ "ಆರ್.ಸಿ. ಎಲ್ಲೋ ಕಳೆದಿದೆ, ಆಮೇಲೆ ಮಾಡಿಸಿಕೊಡೋಣ" ಎಂಬ ಮಾತಿಗೆ ತಲೆದೂಗಿ, ಛಾಪಾ ಕಾಗದದ ಮೇಲೆ ನಾಲ್ಕು ಸಾಲು ಬರೆಸಿಕೊಂಡು, ಹಣ ಎಣಿಸಿ ಕೊಟ್ಟು ಬರುತ್ತಾರೆ. ತೊಂದರೆಯ ಬೀಜ ಬೀಳುವುದು ಅಲ್ಲಿಯೇ.

ಛಾಪಾ ಕಾಗದದ ಕರಾರು ಕೊಟ್ಟವರಿಗೂ ಕೊಂಡವರಿಗೂ ನಡುವಣ ಒಪ್ಪಂದ ಮಾತ್ರ. 1988ರ ಮೋಟಾರು ವಾಹನ ಕಾಯಿದೆಯ ದೃಷ್ಟಿಯಲ್ಲಿ ಸಾರಿಗೆ ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಈ ಮಾತು ಎಷ್ಟು ಗಟ್ಟಿಯೆಂಬುದಕ್ಕೆ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಕೊಟ್ಟ ಒಂದು ತೀರ್ಪನ್ನು ನೋಡಬಹುದು. ಒಬ್ಬರು 2007ರಲ್ಲಿ ತಮ್ಮ ಕಾರನ್ನು ಮಾರಿದರು. ಅದು ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಯಿತು. ಆದರೆ ದಾಖಲೆಯಲ್ಲಿ ಯಾರೂ ಹೆಸರು ಬದಲಿಸಲಿಲ್ಲ. 2009ರಲ್ಲಿ ಆ ಕಾರು ಹಾಯ್ದು ಒಬ್ಬ ಹುಡುಗ ಸತ್ತನು, ಒಬ್ಬ ಮಹಿಳೆ ಗಾಯಗೊಂಡರು. ಪರಿಹಾರದ ಹೊಣೆ ಯಾರದು? ದಾಖಲೆಯಲ್ಲಿ ಹೆಸರಿದ್ದ ಮೊದಲಿನವರದೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಆದುದರಿಂದ ಹೆಸರು ಬದಲಿಸುವುದರಲ್ಲಿ ಕೊಳ್ಳುವವರಿಗೆ ಎಷ್ಟು ಹಿತವಿದೆಯೋ ಮಾರುವವರಿಗೂ ಅಷ್ಟೇ ಇದೆ. ಹಳೆಯ ಮಾಲೀಕರನ್ನು ಸಹಿಗೆ ಒಪ್ಪಿಸಬೇಕಾದಾಗ ಈ ಸಂಗತಿಯನ್ನು ಸಮಾಧಾನದಿಂದ ಅವರಿಗೆ ತಿಳಿಸಿ ಹೇಳಿ. "ನನಗೇನು ಸಂಬಂಧ, ಮಾರಿ ಹತ್ತು ವರ್ಷವಾಯಿತು" ಎನ್ನುತ್ತಿದ್ದವರು ಮನಸ್ಸು ಬದಲಿಸುವುದುಂಟು.

ಹಾಗಾದರೆ ಕೊಳ್ಳುವ ಮುನ್ನ ಮಾಡತಕ್ಕ ಮೊದಲ ಕೆಲಸವೇನು? ಡೀಸೆಲ್ ಅದ್ದಿದ ಬಟ್ಟೆಯಿಂದ ಚಾಸಿ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಚೆನ್ನಾಗಿ ಒರೆಸಿ ಓದಿರಿ. ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಚ್ಚು ಮೂಡುತ್ತದೆ. ಅಂಕೆಗಳನ್ನು ಅರದಿಂದ ಉಜ್ಜಿ ಅಳಿಸಿದ್ದರೆ, ಅಥವಾ ಆ ಜಾಗದಲ್ಲಿ ಹೊಸ ಬೆಸುಗೆ ಕಂಡರೆ, ಬೆಲೆ ಎಷ್ಟೇ ಅಗ್ಗವಾಗಿದ್ದರೂ ಆ ಗಾಡಿ ಬೇಡ. ಅಂಕೆಗಳು ಸರಿಯಿದ್ದರೆ ನೋಂದಣಿ ಸಂಖ್ಯೆಯನ್ನು ಹಿಡಿದು ಸಾರಿಗೆ ಇಲಾಖೆಯ ಪರಿವಾಹನ ಜಾಲತಾಣದಲ್ಲಿ ವಿವರ ತೆಗೆಸಿರಿ. ಮನೆಯ ಮಕ್ಕಳು ಫೋನಿನಲ್ಲಿಯೇ ನೋಡಿಕೊಟ್ಟಾರು. ನೋಂದಣಿ ಎಂದಿನವರೆಗೆ ಇದೆ, ವಿಮೆ ಇದೆಯೇ, ಸಾಲದ ನಮೂದು ಇದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಮಾಲೀಕರ ಹೆಸರು ಅರ್ಧ ಮರೆಯಾಗಿ ಕಂಡರೂ, ಗುರುತು ಹಿಡಿಯಲು ಅಷ್ಟು ಸಾಕಾಗಬಹುದು. ಗಣಕದಲ್ಲಿ ಏನೂ ಸಿಗದಿದ್ದರೆ ನೋಂದಣಿಯಾದ ಕಚೇರಿಗೇ ಹೋಗಿ ಹಳೆಯ ದಾಖಲೆ ವಿಚಾರಿಸಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಳೆದುಹೋದ ಆರ್.ಸಿ.ಗೆ ನಕಲು ಪ್ರತಿ ಕೇಳುವ ಹಕ್ಕು ದಾಖಲೆಯಲ್ಲಿರುವ ಮಾಲೀಕರದು, ಕೊಂಡವರದಲ್ಲ. ಆರ್.ಸಿ. ಕಳೆದ ಸ್ಥಳದ ಪೊಲೀಸ್ ಠಾಣೆಗೆ ಅವರು ಲಿಖಿತವಾಗಿ ತಿಳಿಸಿ, ಅದು ದೊರೆತ ದಾಖಲೆಯೊಂದಿಗೆ ನಮೂನೆ 26ರಲ್ಲಿ ಸಾರಿಗೆ ಕಚೇರಿಗೆ ಅರ್ಜಿ ಹಾಕಬೇಕು. ಗಾಡಿ ಮೂರು ಕೈ ದಾಟಿ ಬಂದಿದ್ದರೆ ನಡುವಿನ ಇಬ್ಬರ ಸಹಿಯಿಂದ ಪ್ರಯೋಜನವಿಲ್ಲ. ಮೊದಲಿನವರನ್ನೇ ಹುಡುಕಬೇಕು. ಆದಕಾರಣ ಅವರು ಸಿಕ್ಕಿ, ನಕಲು ಪ್ರತಿ ಕೈಗೆ ಬರುವವರೆಗೆ ಮುಂಗಡ ಮಾತ್ರ ಕೊಡಿ. ಪೂರ್ತಿ ಹಣ ಕೊಡಬೇಡಿ.

ಆ ಮಾಲೀಕರು ತೀರಿಕೊಂಡಿದ್ದರೆ? ಆಗ ಅವರ ವಾರಸುದಾರರು ಮರಣ ಪ್ರಮಾಣಪತ್ರವನ್ನೂ ವಾರಸಿನ ದಾಖಲೆಯನ್ನೂ ಇಟ್ಟು ನಮೂನೆ 31ರಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕಾಯಿದೆ ಇದಕ್ಕೆ ಮೂರು ತಿಂಗಳ ಅವಧಿ ಹೇಳುತ್ತದೆ. ಎಷ್ಟೋ ಮನೆಗಳಲ್ಲಿ ತಂದೆ ಹೋಗಿ ವರ್ಷಗಳು ಕಳೆದರೂ ಟ್ರ್ಯಾಕ್ಟರು ಅವರ ಹೆಸರಿನಲ್ಲಿಯೇ ಉಳುತ್ತಿರುತ್ತದೆ. ಅಣ್ಣತಮ್ಮಂದಿರು ಒಮ್ಮತದಲ್ಲಿರುವಾಗಲೇ ಈ ಕೆಲಸ ಮುಗಿಸುವುದು ಲೇಸು.

ಸಾಲದ ನಮೂದು ಇನ್ನೊಂದು ತೊಡಕು. ಸಾಲ ತೀರಿ ಇಪ್ಪತ್ತು ವರ್ಷವಾಗಿದ್ದರೂ ನಮೂನೆ 35ರಲ್ಲಿ ಬ್ಯಾಂಕಿನ ಸಹಿಯೊಡನೆ ಅರ್ಜಿ ಕೊಡುವವರೆಗೆ ಆ ನಮೂದು ಅಳಿಯುವುದಿಲ್ಲ. ಬ್ಯಾಂಕೇ ಈಗ ಇಲ್ಲವಲ್ಲ ಎಂದು ಕೆಲವರು ಕೈಚೆಲ್ಲುತ್ತಾರೆ. ಬ್ಯಾಂಕು ಇಲ್ಲವಾಗಿಲ್ಲ, ಹೆಸರು ಬದಲಾಗಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಕಾವೇರಿ, ಪ್ರಗತಿ ಕೃಷ್ಣಾ, ಕರ್ನಾಟಕ ವಿಕಾಸ ಈ ಮೂರು ಗ್ರಾಮೀಣ ಬ್ಯಾಂಕುಗಳ ವ್ಯವಹಾರವು 2025ರ ಮೇ ತಿಂಗಳಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಗಿದೆ. ಹಳೆಯ ಸಾಲದ ಖಾತೆ ಸಂಖ್ಯೆಯೋ ರಸೀದಿಯೋ ಇದ್ದರೆ ಈಗಿನ ಶಾಖೆಗೆ ಒಯ್ದು ಋಣಮುಕ್ತಿ ಪತ್ರ ಕೇಳಿರಿ.

ಇಷ್ಟಾದ ಮೇಲೆ ಹೆಸರು ಬದಲಿಸುವ ಕೆಲಸ ಹೆಚ್ಚಿನದಲ್ಲ. ನಮೂನೆ 29 ಮಾರಿದವರ ತಿಳಿವಳಿಕೆ ಪತ್ರ. ನಮೂನೆ 30 ವರ್ಗಾವಣೆಯ ಅರ್ಜಿ. ಗಾಡಿ ಇದೇ ರಾಜ್ಯದ್ದಾದರೆ ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಕೊಡಬೇಕು. ಬೆಳಗಾವಿ, ಬೀದರಿನ ಕಡೆಯವರು ಮಹಾರಾಷ್ಟ್ರದಿಂದ, ಬಳ್ಳಾರಿಯವರು ಆಂಧ್ರದಿಂದ ಗಾಡಿ ತರುವುದುಂಟು. ಅಂಥವಕ್ಕೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್.ಒ.ಸಿ., ನಮೂನೆ 28ರಲ್ಲಿ ಬರಬೇಕು. ಟ್ರ್ಯಾಕ್ಟರು 15 ವರ್ಷ ದಾಟಿದ್ದರೆ ನೋಂದಣಿಯನ್ನೂ ನವೀಕರಿಸಬೇಕು. ಅದಕ್ಕೆ ಗಾಡಿಯನ್ನೇ ಕಚೇರಿಗೆ ಒಯ್ದು ತಪಾಸಣೆ ಮಾಡಿಸಬೇಕಾದ್ದರಿಂದ ಬ್ರೇಕು, ದೀಪ, ಹಿಂಬದಿಯ ಕೆಂಪು ಪ್ರತಿಫಲಕಗಳನ್ನು ಮೊದಲೇ ಸರಿಪಡಿಸಿಕೊಳ್ಳಿ.

ಇನ್ನು ಟ್ರೇಲರಿನ ಸಂಗತಿ. ಟ್ರ್ಯಾಕ್ಟರಿನ ಜೊತೆಗೆ ಬಂದದ್ದರಿಂದ ಅದಕ್ಕೆ ಬೇರೆ ಕಾಗದ ಬೇಡವೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಟ್ರೇಲರಿಗೆ ತನ್ನದೇ ನೋಂದಣಿ ಸಂಖ್ಯೆ ಇರತಕ್ಕದ್ದು, ಅದರ ಮೇಲೆ ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯೂ ಕಾಣತಕ್ಕದ್ದು. ಆದುದರಿಂದ ಮೇಲಿನ ವರ್ಗಾವಣೆಯನ್ನೆಲ್ಲ ಟ್ರೇಲರಿಗೆ ಬೇರೆಯಾಗಿಯೇ ಮಾಡಿಸಬೇಕು. ಊರ ವೆಲ್ಡಿಂಗ್ ಅಂಗಡಿಯಲ್ಲಿ ಕೂಡಿಸಿದ, ಎಂದೂ ನೋಂದಣಿಯಾಗದ ಟ್ರೇಲರಾದರೆ ವಿಷಯವೇ ಬೇರೆ. ಮಾನ್ಯತೆ ಪಡೆದ ತಯಾರಕರ ಮಾರಾಟ ಪತ್ರವೂ ಯೋಗ್ಯತಾ ಪತ್ರವೂ ಇಲ್ಲದೆ ಕಚೇರಿಯಲ್ಲಿ ಅದು ನೋಂದಣಿಯಾಗುವುದಿಲ್ಲ. ಅಂಥದಕ್ಕೆ ಕಬ್ಬಿಣದ ತೂಕಕ್ಕೂ ಟೈರಿಗೂ ಆಗುವ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಡುವುದೂ ನಷ್ಟವೇ. ನೋಂದಣಿಯಿಲ್ಲದ ವಾಹನ ಓಡಿಸಿದರೆ ಮೊದಲ ತಪ್ಪಿಗೆ 2,000ದಿಂದ 5,000 ರೂಪಾಯಿವರೆಗೆ ದಂಡ. ದಂಡ ಕಟ್ಟಿ ಬರಬಹುದು. ಕಬ್ಬು ತುಂಬಿದ ಟ್ರೇಲರಿಗೆ ರಾತ್ರಿ ಯಾರಾದರೂ ಬಂದು ಬಡಿದರೆ ಪರಿಹಾರದ ಮೊತ್ತಕ್ಕೆ ಹೊಲವೇ ಜಪ್ತಿಗೆ ಬರಬಹುದು.

ಹೆಸರು ಬದಲಾದ ದಿನವೇ ವಿಮಾ ಕಚೇರಿಗೂ ಹೋಗಿರಿ. ವಿಮೆಯ ಕಾಗದದಲ್ಲಿ ಹೊಸ ಮಾಲೀಕರ ಹೆಸರಿದೆಯೇ, ಟ್ರ್ಯಾಕ್ಟರಿನ ಸಂಖ್ಯೆಯ ಕೆಳಗೆ ಟ್ರೇಲರಿನ ಸಂಖ್ಯೆಯೂ ಬರೆದಿದೆಯೇ ಎಂದು ಅಲ್ಲಿಯೇ ಓದಿಸಿ ನೋಡಿಕೊಂಡು ಬನ್ನಿ.